ಪೆಡಲ್ ಕಿರ್ ಅಂದರೆ ಗುಂಡಿಬೈಲಿಗೆ ಹೋಗಿ: ಉಡುಪಿಯ ಒಂದು ಸಣ್ಣ ಸೈಕಲ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಉಡುಪಿ, ಮಣಿಪಾಲ, ಮಲ್ಪೆ ಕಡೆ ಸೈಕಲ್ ತುಳಿಯುವವರು ಯಾರಾದರೂ ಪೆಡಲ್ ಸದ್ದಿನಿಂದ ಬೇಸತ್ತಿದ್ದರೆ ಕಲ್ಸಂಕದಿಂದ ಅಂಬಾಗಿಲಿಗೆ ಹೋಗುವ ರಸ್ತೆಯಲ್ಲಿ ಗುಂಡಿಬೈಲು ಹತ್ತಿರ ಸ್ವಲ್ಪ ಒಳಗೆ ಇರುವ ರಿಪೇರಿ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ದೊಡ್ಡ ಬೋರ್ಡ್ ಇಲ್ಲ. ತಗಡಿನ ಮಾಡು, ಕಂಬಿಗೆ ನೇತುಹಾಕಿದ ಹಳೆ ಟಯರ್‌ಗಳು, ಬಾಗಿಲಲ್ಲೇ ಪಂಕ್ಚರ್ ನೋಡುವ ನೀರಿನ ಬಾಣಲೆ. ಕೆಲಸ ಮಾಡುವವರು ಒಬ್ಬರೇ. ಹೋಗುವವರೆಲ್ಲ ಅಣ್ಣ ಅಂತ ಕರೆಯುತ್ತಾರೆ, ನಾನೂ ಹಾಗೇ. ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಗುಂಡಿಬೈಲಿನಲ್ಲಿ ಸೈಕಲ್ ಇರುವ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಪೆಡಲ್ ಸದ್ದು ದೊಡ್ಡ ವಿಷಯವಾ ಅಂತ ಕೆಲವರಿಗೆ ಅನಿಸಬಹುದು. ದಿನಾ ತುಳಿಯುವವರನ್ನು ಕೇಳಿ. ನನ್ನದು ಗೇರ್ ಇರುವ ಹೈಬ್ರಿಡ್ ಸೈಕಲ್. ಮನೆ ಕಡಿಯಾಳಿ ಹತ್ತಿರ, ಕೆಲಸ ಮಣಿಪಾಲದಲ್ಲಿ. ಸಮತಟ್ಟು ರಸ್ತೆಯಲ್ಲಿ ಸುಮ್ಮನಿರುವ ಸೈಕಲ್ ಇಂದ್ರಾಳಿ ದಾಟಿ ಲಕ್ಷ್ಮೀಂದ್ರನಗರದ ಏರು ಶುರುವಾದ ಕೂಡಲೇ ಕಿರ್ ಅನ್ನುತ್ತಿತ್ತು. ಬಲಗಾಲು ಕೆಳಗೆ ಒತ್ತಿದಾಗಲೆಲ್ಲ ಒಂದು ಕಿರ್, ಮಣಿಪಾಲದ ಟೈಗರ್ ಸರ್ಕಲ್ ಬರುವವರೆಗೂ ಅದೇ. ರಜೆಯ ದಿನ ಬೆಳಿಗ್ಗೆ ಬೇಗ ಎದ್ದು ಪಡುಕೆರೆಗೆ ಹೋದರೆ, ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ಅಷ್ಟು ಚಂದದ ರಸ್ತೆಯಲ್ಲಿ ಅಲೆಯ ಸದ್ದು ಕೇಳುವ ಬದಲು ಈ ಕಿರ್ ಕಿರ್ ಕೇಳಿಕೊಂಡು ಹೋಗಬೇಕು. ಸದ್ದಿನ ಜೊತೆಗೆ ಒಂದು ಹೆದರಿಕೆಯೂ ಇರುತ್ತದೆ. ಏನೋ ಸಡಿಲವಾಗಿದೆ, ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಕಳಚಿಕೊಂಡರೆ ಏನು ಗತಿ ಅಂತ.

ಪೇಟೆಯ ಒಂದು ದೊಡ್ಡ ಶೋರೂಮಿಗೆ ಮೊದಲು ಹೋಗಿದ್ದೆ, ಯಾವುದು ಅಂತ ಬೇಡ. ಅಲ್ಲಿಯ ಹುಡುಗ ಸೈಕಲ್ ಹತ್ತಿಯೂ ನೋಡಲಿಲ್ಲ. ಸ್ಟ್ಯಾಂಡಿಗೆ ಏರಿಸಿದ, ಕೈಯಲ್ಲಿ ಪೆಡಲ್ ತಿರುಗಿಸಿದ, "ಬಿಬಿ ಹೋಗಿದೆ ಸರ್, ಚೇಂಜ್ ಮಾಡಬೇಕು" ಅಂದ. ಬಿಬಿ ಅಂದರೆ ಬಾಟಮ್ ಬ್ರಾಕೆಟ್, ಎರಡೂ ಕ್ರ್ಯಾಂಕ್‌ಗಳ ನಡುವೆ ಫ್ರೇಮಿನೊಳಗೆ ಕೂತಿರುವ ಬೇರಿಂಗ್ ಮತ್ತು ಆಕ್ಸಲ್. ಕ್ರ್ಯಾಂಕ್ ಅಂದರೆ ಪೆಡಲ್ ಸಿಕ್ಕಿಸಿರುವ ತೋಳು. ಸಾಮಾನು, ಕೂಲಿ ಸೇರಿ 1800 ರೂಪಾಯಿ ಆಗುತ್ತದೆ, ಪಾರ್ಟ್ ತರಿಸಲು ಒಂದು ವಾರ ಬೇಕು ಅಂದ. ದುಡ್ಡು ಕೊಡಲು ಬೇಜಾರಿಲ್ಲ. ಆದರೆ ಈ ಥರದ ಸದ್ದು ಬರುವುದು ಮೈಭಾರ ಬಿದ್ದಾಗ. ಗಾಳಿಯಲ್ಲಿ ಎತ್ತಿ ಹಿಡಿದ ಸೈಕಲ್ಲಿನ ಪೆಡಲನ್ನು ಬೆರಳಲ್ಲಿ ತಿರುಗಿಸಿದರೆ ಅದು ಯಾಕೆ ಸದ್ದು ಮಾಡುತ್ತದೆ? ಸದ್ದು ಕೇಳಿಸದೆಯೇ ಅದು ಎಲ್ಲಿಂದ ಬಂತು ಅಂತ ಹೇಗೆ ಹೇಳುತ್ತಾರೆ? ನನ್ನ ದೊಡ್ಡ ತಕರಾರು ಇದೇ.

ಗುಂಡಿಬೈಲಿನ ಅಣ್ಣನ ಕೆಲಸ ಶುರುವಾಗುವುದೇ ಕೇಳುವುದರಿಂದ.

"ಎಂತ, ಪೆಡಲಾ?" ಅಂದರು. ಹೌದು, ಏರಿನಲ್ಲಿ ಸದ್ದು ಅಂದೆ. "ಏರಿನಲ್ಲಿ ಮಾತ್ರವಾ? ಕೂತು ತುಳಿಯುವಾಗಲಾ, ಎದ್ದು ನಿಂತು ತುಳಿಯುವಾಗಲಾ? ಒಂದು ಸುತ್ತಿಗೆ ಒಂದೇ ಸಲವಾ? ತುಳಿಯುವುದು ನಿಲ್ಲಿಸಿದರೆ ಸದ್ದೂ ನಿಲ್ಲುತ್ತದಾ?" ಕೈಯಲ್ಲಿ ಬೇರೆ ಯಾರದೋ ಮಗುವಿನ ಸೈಕಲ್ಲಿನ ಟ್ಯೂಬ್ ಇತ್ತು, ಅದನ್ನು ಉಜ್ಜುತ್ತಲೇ ಕೇಳಿದರು. ಆ ಒಂದೊಂದು ಪ್ರಶ್ನೆಗೂ ಅರ್ಥ ಉಂಟು ಅಂತ ಆಮೇಲೆ ವಿವರಿಸಿದರು. ಎದ್ದು ನಿಂತಾಗ ಸದ್ದು ಹೋದರೆ ಅದು ಸೀಟಿನದ್ದು ಅಥವಾ ಸೀಟ್ ಪೋಸ್ಟಿನದ್ದು, ಪೆಡಲ್ ಮುಟ್ಟುವುದೇ ಬೇಡ. ತುಳಿಯದೆ ಇಳಿಜಾರಿನಲ್ಲಿ ಹೋಗುವಾಗಲೂ ಬಂದರೆ ಚಕ್ರದ ಕಡೆ ನೋಡಬೇಕು. ತುಳಿದಾಗ ಮಾತ್ರ, ಒಂದು ಸುತ್ತಿಗೆ ಒಂದು ಸಲ ಬಂದರೆ ಪೆಡಲ್, ಕ್ರ್ಯಾಂಕ್, ಚೈನ್ ವೀಲಿನ ಬೋಲ್ಟ್, ಬಿಬಿ, ಈ ನಾಲ್ಕರಲ್ಲಿ ಒಂದು.

ಆಮೇಲೆ ಸೈಕಲ್ ತೆಗೆದುಕೊಂಡು ಅವರೇ ರಸ್ತೆಗೆ ಇಳಿದರು. ಹಿಂದಿನ ಬ್ರೇಕ್ ಸ್ವಲ್ಪ ಹಿಡಿದುಕೊಂಡು, ದೊಡ್ಡ ಗೇರಿನಲ್ಲಿ, ನಿಧಾನ ತುಳಿದರು. ಗುಂಡಿಬೈಲಿನ ಆ ಗದ್ದೆ ಬಯಲಿನಲ್ಲಿ ಏರು ಎಲ್ಲಿಂದ ತರುವುದು? ಬ್ರೇಕ್ ಹಿಡಿದರೆ ಕಾಲಿಗೆ ಏರಿನಷ್ಟೇ ಭಾರ ಬೀಳುತ್ತದೆ. ಕಿರ್ ಅಂತು. ವಾಪಸ್ ಬಂದು ಸೈಕಲ್ ಗೋಡೆಗೆ ಒರಗಿಸಿ ಬಲ ಪೆಡಲನ್ನು ಮುಂದೆ ಅಡ್ಡಕ್ಕೆ ತಂದು ಕೈಯಲ್ಲಿ ಜೋರಾಗಿ ಒತ್ತಿದರು, ಇನ್ನೊಂದು ಕೈಯ ಬೆರಳನ್ನು ಪೆಡಲ್ ಕ್ರ್ಯಾಂಕಿಗೆ ಸೇರುವ ಜಾಗದಲ್ಲಿ ಇಟ್ಟಿದ್ದರು. "ಇಲ್ಲಿ ಕೈ ಇಡಿ" ಅಂದರು. ಇಟ್ಟೆ. ಒತ್ತಿದಾಗ ಬೆರಳ ತುದಿಗೆ ಸಣ್ಣ ನಡುಕ ಸಿಕ್ಕಿತು, ಕಿವಿಗೆ ಸದ್ದು ಬರುವುದಕ್ಕೂ ಅದಕ್ಕೂ ತಾಳೆ ಇತ್ತು. ಬಿಬಿ ಹತ್ತಿರ ಬೆರಳಿಟ್ಟರೆ ಏನೂ ಇಲ್ಲ. ಕ್ರ್ಯಾಂಕ್ ಹಿಡಿದು ಅತ್ತಿತ್ತ ಅಲ್ಲಾಡಿಸಿದರು, ಅದೂ ಗಟ್ಟಿ.

ಇಷ್ಟಕ್ಕೇ ಬೇರೆಯವರಾದರೆ ಸ್ಪ್ಯಾನರ್ ಹಿಡಿದು ರಿಪೇರಿ ಶುರು ಮಾಡುತ್ತಿದ್ದರೇನೋ. ಅಣ್ಣ ನನ್ನ ಪೆಡಲ್‌ಗಳನ್ನು ಕಳಚಿ ಡಬ್ಬಿಯಿಂದ ಒಂದು ಜೊತೆ ಹಳೆ ಪ್ಲಾಸ್ಟಿಕ್ ಪೆಡಲ್ ತೆಗೆದು, ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಕೂರಿಸಿ, "ಮಣಿಪಾಲಕ್ಕೆ ಹೋಗಿ ಬನ್ನಿ, ಸಂಜೆ ಹೇಳಿ" ಅಂದರು. ಇಂದ್ರಾಳಿ ಏರಿನಲ್ಲಿ ಒಂದು ಚೂರೂ ಸದ್ದಿಲ್ಲ! ಬಿಬಿಯ 1800 ರೂಪಾಯಿ ಅಲ್ಲೇ ಉಳಿಯಿತು. ಒಂದು ಜೊತೆ ಹಳೆ ಪೆಡಲ್ ಹಾಕಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಹತ್ತು ನಿಮಿಷವೂ ಬೇಡ. ಈ ಒಂದು ಅಭ್ಯಾಸಕ್ಕಾಗಿಯೇ ನಾನು ಈ ಅಂಗಡಿಯನ್ನು ಎಲ್ಲರಿಗೂ ಹೇಳುತ್ತಿರುವುದು.

ಪೆಡಲ್ ಕಳಚುವುದು ಅಷ್ಟು ಸುಲಭವೂ ಆಗಿರಲಿಲ್ಲ. 15 ಎಂಎಂ ಸ್ಪ್ಯಾನರ್ ಹಾಕಿ ಎಳೆದರೆ ಎಡದ್ದು ಬಂತು, ಬಲದ್ದು ಜಪ್ಪಯ್ಯ ಅನ್ನಲಿಲ್ಲ. ಕ್ರ್ಯಾಂಕ್ ಅಲ್ಯೂಮಿನಿಯಂ, ಪೆಡಲಿನ ಆಕ್ಸಲ್ ಉಕ್ಕು. ಎರಡು ಬೇರೆ ಬೇರೆ ಲೋಹದ ನಡುವೆ ಉಪ್ಪು ನೀರು ಹೊಕ್ಕಿದರೆ ಅಲ್ಲಿ ತುಕ್ಕು ಬೆಳೆದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಮ್ಮ ಕರಾವಳಿಯಲ್ಲಿ ಇದು ಜಾಸ್ತಿ. ಮಲ್ಪೆ ಬೀಚಿಗೆ ಹೋಗಿ ಬಂದ ಸೈಕಲ್ಲನ್ನು ಒರೆಸದೆ ಇಟ್ಟರೆ, ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹೊಡೆದರೆ, ಕೇಳುವುದೇ ಬೇಡ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಗ್ರೀಸ್ ಇಲ್ಲದ ಥ್ರೆಡ್ ಮೊದಲು ಕಿರ್ ಅನ್ನುತ್ತದೆ, ಹಾಗೇ ಬಿಟ್ಟರೆ ಒಂದು ದಿನ ಕಳಚಲೇ ಬರುವುದಿಲ್ಲ. ಅಣ್ಣ ಸುತ್ತಿಗೆ ಹುಡುಕಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೇರೆ ಕೆಲಸ ಮುಗಿಸಿ ಬಂದು, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಒಂದೇ ಸಮನೆ ಒತ್ತಿದರು. ಟಕ್ ಅಂತ ಬಿಟ್ಟಿತು.

ಮನೆಯಲ್ಲಿ ಮಾಡುವವರಿಗೆ ಒಂದು ಮುಖ್ಯ ಮಾತು, ಇದನ್ನು ತಿಳಿಯದೆ ಕ್ರ್ಯಾಂಕ್ ಹಾಳು ಮಾಡಿಕೊಂಡು ಬರುವವರು ಬಹಳ ಅಂತೆ. ಎಡ ಪೆಡಲಿನ ಥ್ರೆಡ್ ಉಲ್ಟಾ. ಬಲದ್ದು ಎಲ್ಲ ನಟ್ ಬೋಲ್ಟ್ ಹಾಗೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಬಿಗಿ, ಎಡದ್ದು ಅದಕ್ಕೆ ಉಲ್ಟಾ ತಿರುಗಿಸಿದರೆ ಬಿಗಿ. ತುಳಿಯುವ ಭಾರಕ್ಕೆ ಪೆಡಲ್ ಆಕ್ಸಲ್ ಚೂರು ಚೂರೇ ತಿರುಗಲು ನೋಡುತ್ತದೆ, ಎಡಕ್ಕೆ ಉಲ್ಟಾ ಥ್ರೆಡ್ ಇಲ್ಲದಿದ್ದರೆ ತುಳಿದು ತುಳಿದೇ ಅದು ಬಿಚ್ಚಿಕೊಂಡುಬಿಡುತ್ತಿತ್ತು. ಅಣ್ಣ ಹೇಳಿಕೊಟ್ಟ ಲೆಕ್ಕ ಸುಲಭವಿದೆ: ಸ್ಪ್ಯಾನರಿನ ಹಿಡಿ ಮೇಲಕ್ಕೆ ಇರುವ ಹಾಗೆ ಹಾಕಿ. ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ, ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿ. ಎರಡೂ ಬದಿಗೆ ಇದೇ. ಪೆಡಲ್ ಆಕ್ಸಲ್ ತುದಿಯಲ್ಲಿ ಎಲ್, ಆರ್ ಅಂತ ಕೊರೆದಿರುತ್ತದೆ, ಅದನ್ನೂ ನೋಡಿ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು, ಥ್ರೆಡ್ ನೇರ ಹಿಡಿದಿದ್ದು ಖಾತ್ರಿ ಆದ ಮೇಲೆ ಮಾತ್ರ ಸ್ಪ್ಯಾನರ್. ಕೊನೆಯ ಬಿಗಿ 35ರಿಂದ 40 ನ್ಯೂಟನ್ ಮೀಟರ್ ಇರಲಿ, ಅಂದರೆ ಸಾಧಾರಣ ಉದ್ದದ ಸ್ಪ್ಯಾನರಿನಲ್ಲಿ ಚೆನ್ನಾಗಿ ಒಂದು ಒತ್ತು.

ಥ್ರೆಡ್ ಮಾತ್ರ ಒಣಗಿದ್ದಾದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣ ಪೆಡಲನ್ನು ಬೆರಳಲ್ಲಿ ತಿರುಗಿಸಿ ನನ್ನ ಕೈಗೆ ಕೊಟ್ಟರು. ಒಳಗೆ ಮರಳು ಸಿಕ್ಕಿಕೊಂಡಂಥ ಗರಗರ. ಹೊರಗಿನ ಕ್ಯಾಪ್ ತೆಗೆದು, ಲಾಕ್ ನಟ್ ಬಿಚ್ಚಿ, ವಾಶರ್, ಕೋನ್ (ಬೇರಿಂಗಿನ ಬಾಲ್ಸನ್ನು ಒತ್ತಿ ಹಿಡಿಯುವ ನಟ್) ಒಂದೊಂದಾಗಿ ತೆಗೆದು ಹಳೆ ಬಟ್ಟೆಯ ಮೇಲೆ ಅದೇ ಕ್ರಮದಲ್ಲಿ ಸಾಲಾಗಿ ಇಟ್ಟರು. ಗ್ರೀಸ್ ಇರಬೇಕಾದ ಜಾಗದಲ್ಲಿ ಹುಣಸೆಹುಳಿ ಕಿವುಚಿದ ಹಾಗೆ ಕಂದು ರಾಡಿ. ಬಾಲ್ಸ್ ಒಂದೊಂದೇ ಬಟ್ಟೆ ಮೇಲೆ ಉದುರಿದವು, ಹೊಳಪು ಇರಲೇ ಇಲ್ಲ, ಕೆಲವಕ್ಕೆ ಕಪ್ಪು ಚುಕ್ಕೆ. ಚಿಮಿಣಿ ಎಣ್ಣೆ, ಹಳೆ ಹಲ್ಲುಜ್ಜುವ ಬ್ರಶ್, ಬನಿಯನ್ ಬಟ್ಟೆ, ಅಷ್ಟರಲ್ಲೇ ಬಾಲ್ಸ್ ಕೂರುವ ಕಪ್, ಕೋನ್ ಎಲ್ಲ ಕನ್ನಡಿ ಹಾಗೆ ತೊಳೆದು ಬೆಳಕಿಗೆ ಹಿಡಿದು ತೋರಿಸಿದರು. ಕೋನಿನ ಮೇಲೆ ಬಾಲ್ಸ್ ಓಡುವ ದಾರಿ ನುಣುಪಾಗಿದ್ದರೆ ಪೆಡಲ್ ಉಳಿಯುತ್ತದೆ, ಅಲ್ಲಿ ಗುಂಡಿ ಬಿದ್ದಿದ್ದರೆ ಎಷ್ಟು ಗ್ರೀಸ್ ಹಾಕಿದರೂ ಸದ್ದು ವಾಪಸ್ ಬರುತ್ತದೆ ಅಂದರು. ನನ್ನದು ಉಳಿಯಿತು. ಬಾಲ್ಸ್ ಎಲ್ಲ ಹೊಸತು. ಹಳೆಯದರಲ್ಲಿ ಚೆನ್ನಾಗಿರುವುದನ್ನು ಆರಿಸಿ ಹೊಸದರ ಜೊತೆ ಸೇರಿಸುವ ಪದ್ಧತಿ ಅವರಲ್ಲಿಲ್ಲ. ಸವೆದದ್ದು, ಸವೆಯದ್ದು ಸೇರಿದರೆ ಭಾರ ಎಲ್ಲದರ ಮೇಲೂ ಸಮ ಬೀಳುವುದಿಲ್ಲ.

ಗ್ರೀಸ್ ಬಗ್ಗೆ ಅವರ ಅಭಿಪ್ರಾಯ ಗಟ್ಟಿ. ಮಲ್ಪೆಯಲ್ಲಿ ಬೋಟಿನವರಿಗೆ ಮಾರುವ ನೀರು ತಡೆಯುವ ಗ್ರೀಸನ್ನೇ ತಂದು ಇಟ್ಟುಕೊಂಡಿದ್ದಾರೆ. ಉಪ್ಪು ನೀರಿನಲ್ಲೇ ನಿಲ್ಲುವ ಯಂತ್ರಕ್ಕೆ ಆಗುವುದು ಸೈಕಲ್ಲಿಗೆ ಯಾಕೆ ಆಗಬಾರದು ಅನ್ನುವುದು ಅವರ ವಾದ. ನನಗೆ ಈ ಮಾತು ಬಹಳ ಹಿಡಿಸಿತು. ನಮ್ಮ ಊರಿಗೆ ಏನು ಬೇಕು ಅಂತ ನೋಡಿ ಮಾಡುವ ಕೆಲಸ ಇದು.

ಇಲ್ಲೇ ಇನ್ನೊಂದು ಮಾತು. ಸದ್ದು ಬಂದರೆ ತೆಂಗಿನೆಣ್ಣೆ ಬಿಡಿ ಅಂತ ಹೇಳುವವರು ನಮ್ಮಲ್ಲಿ ಮನೆಗೊಬ್ಬರು. ಬಿಟ್ಟ ದಿನ ಸದ್ದು ಹೋಗುತ್ತದೆ, ನಿಜ. ಆದರೆ ಅದು ತೆಳು, ಮಳೆಗೆ ತೊಳೆದು ಹೋಗುತ್ತದೆ. 24 ಡಿಗ್ರಿಗಿಂತ ಕೆಳಗೆ ಬಂದರೆ ಹೆಪ್ಪುಗಟ್ಟುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ಡಬ್ಲ್ಯೂಡಿ-40 ಸ್ಪ್ರೇಯೂ ಹಾಗೇ. ಅದು ಹುಟ್ಟಿದ್ದೇ ನೀರು ಓಡಿಸುವುದಕ್ಕೆ, 1953ರಲ್ಲಿ. ತುಕ್ಕು ಹಿಡಿದ ನಟ್ ಬಿಡಿಸಲು ಒಳ್ಳೆಯದೇ, ಬೇರಿಂಗ್ ಒಳಗೆ ಹೊಡೆದರೆ ಇರುವ ಗ್ರೀಸನ್ನೂ ಕರಗಿಸಿ ಹೊರಗೆ ತರುತ್ತದೆ. ಎರಡು ದಿನ ಆರಾಮ, ಆಮೇಲೆ ಮೊದಲಿಗಿಂತ ಜೋರು ಸದ್ದು. ಅಣ್ಣನ ಹತ್ತಿರ ಬರುವ ಪೆಡಲ್‌ಗಳಲ್ಲಿ ಇಂಥವೇ ಜಾಸ್ತಿ ಅಂತೆ.

ಗ್ರೀಸ್ ತುಂಬಿ ಬಾಲ್ಸ್ ಕೂರಿಸಿದ ಮೇಲೆ ಕೋನ್ ಬಿಗಿಯುವುದರಲ್ಲಿ ಕೈಚಳಕ ಇದೆ. ಬಿಗಿ ಜಾಸ್ತಿಯಾದರೆ ತಿರುಗುವುದಿಲ್ಲ, ಕಡಿಮೆಯಾದರೆ ಆಟ ಬರುತ್ತದೆ, ಏರಿನಲ್ಲಿ ಕಟ್ ಕಟ್ ಅನ್ನುತ್ತದೆ. ಲಾಕ್ ನಟ್ ಬಿಗಿಯುವಾಗ ಕೋನ್ ಕೂಡ ಸ್ವಲ್ಪ ಜೊತೆಗೆ ತಿರುಗುತ್ತದೆ, ಅದಕ್ಕೆ ಮೊದಲೇ ಲೆಕ್ಕ ಬಿಟ್ಟಿರಬೇಕು. ಅಣ್ಣ ಬಿಗಿದರು, ತಿರುಗಿಸಿ ನೋಡಿದರು, ತೃಪ್ತಿ ಆಗಲಿಲ್ಲ, ಬಿಚ್ಚಿದರು, ಮತ್ತೆ ಬಿಗಿದರು. ಅಂಗಡಿಯಲ್ಲಿ ಮೂರು ಜನ ಕಾಯುತ್ತಿದ್ದರು, ಅವರ ಮುಖ ನೋಡಿ ಅವಸರ ಮಾಡಲಿಲ್ಲ. ಕೊನೆಗೆ ಕಾಲು ಇಡುವ ಭಾಗ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಆಟ ಇಲ್ಲ, ಬೆರಳಲ್ಲಿ ತಿರುಗಿಸಿದರೆ ಗರಗರ ಇಲ್ಲ. ಕೆಲವು ಪೆಡಲ್‌ಗಳಲ್ಲಿ ಬಿಡಿ ಬಾಲ್ಸ್ ಬದಲು ಸೀಲ್ಡ್ ಬೇರಿಂಗ್ ಇರುತ್ತದೆ, ಅದನ್ನು ಹೀಗೆ ಬಿಚ್ಚಿ ತೊಳೆಯುವ ಹಾಗಿಲ್ಲ, ಬೇರಿಂಗನ್ನೇ ಬದಲಿಸಬೇಕು. ಅದನ್ನೂ ಮಾಡಿಕೊಡುತ್ತಾರೆ, ಆದರೆ ಸೈಜಿನ ಬೇರಿಂಗ್ ಹುಡುಕಲು ಸಮಯ ಕೇಳುತ್ತಾರೆ.

ಅವತ್ತು ಕಾಯುತ್ತಿದ್ದವರಲ್ಲಿ ಒಬ್ಬರು ವಯಸ್ಸಾದವರು, ಕಪ್ಪು ಬಣ್ಣದ ಹಳೆಯ 22 ಇಂಚಿನ ಸೈಕಲ್ ತಂದಿದ್ದರು. ಅವರದ್ದೂ ಪೆಡಲ್ ಸದ್ದೇ, ಆದರೆ ಕಿರ್ ಬದಲು ಟಕ್. ಅಣ್ಣ ಎರಡೂ ಕ್ರ್ಯಾಂಕನ್ನು ಅಡ್ಡಕ್ಕೆ ತಂದು, "ನೋಡಿ ಮಾರಾಯ್ರೆ, ಎರಡೂ ಒಂದೇ ಗೆರೆಯಲ್ಲಿ ಇಲ್ಲ" ಅಂದರು. ಇಂಥ ಸೈಕಲ್ಲಿನಲ್ಲಿ ಕ್ರ್ಯಾಂಕನ್ನು ಆಕ್ಸಲಿಗೆ ಹಿಡಿದಿಡುವುದು ಕಾಟರ್ ಪಿನ್. ಅದು ಸವೆದರೆ ಪ್ರತಿ ತುಳಿತಕ್ಕೂ ಕ್ರ್ಯಾಂಕ್ ಒಂದು ಚೂರು ಜಾರಿ ಟಕ್ ಅನ್ನುತ್ತದೆ. ಪಿನ್ ಹೊಡೆದು ತೆಗೆಯುವಾಗ ಕ್ರ್ಯಾಂಕಿನ ಅಡಿಗೆ ಒಂದು ದಪ್ಪ ಕಬ್ಬಿಣದ ಪೈಪಿನ ತುಂಡು ನಿಲ್ಲಿಸಿಕೊಂಡರು. ಸುತ್ತಿಗೆಯ ಪೆಟ್ಟು ಆ ಪೈಪಿನ ಮೂಲಕ ನೆಲಕ್ಕೆ ಹೋಗಬೇಕು, ಒಳಗಿನ ಬಾಲ್ಸಿಗೆ ಬೀಳಬಾರದು. ಹೊಸ ಪಿನ್ ಹಾಗೇ ಹೊಡೆದು ಕೂರಿಸಲಿಲ್ಲ, ಅರದಲ್ಲಿ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ ಕೂರಿಸಿದರು. ದುಬಾರಿ ಸೈಕಲ್ಲಿಗೂ ಈ ಹಳೆ ಸೈಕಲ್ಲಿಗೂ ಅವರ ಕೈ ಒಂದೇ ಥರ ಓಡುತ್ತದೆ. ಹಿರಿಯರಿಂದ ಪಿನ್ನಿನ ದುಡ್ಡು, ಮೇಲೆ 40 ರೂಪಾಯಿ ತೆಗೆದುಕೊಂಡರು.

ನನಗೆ ಆದದ್ದು ಬಾಲ್ಸ್, ಗ್ರೀಸ್, ಎರಡೂ ಪೆಡಲಿನ ಕೂಲಿ ಎಲ್ಲ ಸೇರಿ 220 ರೂಪಾಯಿ. ಮೇ ತಿಂಗಳಲ್ಲಿ ಮಾಡಿಸಿದ್ದು. ಮಳೆಗಾಲ ಇಡೀ ಅದೇ ಪೆಡಲಿನಲ್ಲಿ ಮಣಿಪಾಲಕ್ಕೆ ಹೋಗಿದ್ದೇನೆ, ಕಲ್ಸಂಕದಲ್ಲಿ ಮೊಣಕಾಲಿನವರೆಗೆ ನೀರು ನಿಂತ ದಿನವೂ ತುಳಿದಿದ್ದೇನೆ, ಇವತ್ತಿನ ತನಕ ಸದ್ದಿಲ್ಲ. ಬಿಬಿ ಹಳೆಯದೇ ಇದೆ, ಅದೂ ಸುಮ್ಮನಿದೆ.

ಸರಿ, ಅಂಗಡಿಯಲ್ಲಿ ಕೊರತೆಯೂ ಇದೆ, ಅದನ್ನೂ ಹೇಳಬೇಕು. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಆಯಿಲ್ ಕೆಲಸ ಅಲ್ಲಿ ಆಗುವುದಿಲ್ಲ, ಅವರೇ ಬೇಡ ಅನ್ನುತ್ತಾರೆ. ಫ್ರೇಮಿಗೆ ಒತ್ತಿ ಕೂರಿಸುವ ಹೊಸ ಥರದ ಬಿಬಿಗೆ ಬೇಕಾದ ಟೂಲ್ ಇಲ್ಲ. ಒಬ್ಬರೇ ಆದ್ದರಿಂದ ಕಾಯಬೇಕು, ಬೇಗ ಕೊಡಿ ಅಂತ ಒತ್ತಾಯ ಮಾಡಿದರೆ ಸೈಕಲ್ ವಾಪಸ್ ತೆಗೆದುಕೊಂಡು ಹೋಗಿ ಅನ್ನುತ್ತಾರೆ, ಒಮ್ಮೆ ಕಣ್ಣೆದುರೇ ನೋಡಿದ್ದೇನೆ. ಕೂರಲು ಒಂದೇ ಸ್ಟೂಲ್. ಬಿಲ್ ಕೊಡುವುದಿಲ್ಲ. ಜೂನ್ ಮೊದಲ ವಾರ ಹೋಗಲೇಬೇಡಿ, ಶಾಲೆ ಶುರುವಾಗುವ ಹೊತ್ತಿಗೆ ಊರಿನ ಮಕ್ಕಳ ಸೈಕಲ್ ಎಲ್ಲ ಅಲ್ಲೇ ಇರುತ್ತದೆ. ಭಾನುವಾರ ಬಾಗಿಲು ಹಾಕಿರುತ್ತದೆ, ಹಾಗಾಗಿ ರಜೆಯಲ್ಲಿ ಮಾತ್ರ ಪುರುಸೊತ್ತು ಇರುವವರಿಗೆ ಕಷ್ಟ. ಇದೊಂದು ನಿಜವಾಗಿಯೂ ತೊಂದರೆ.

ಪೆಡಲ್ ಕೆಲಸಕ್ಕೆ ಹೋಗುವುದಾದರೆ ಮಳೆ ಶುರುವಾಗುವ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಒಮ್ಮೆ ಹೋದರೆ ಸಾಕು. ಥ್ರೆಡ್ಡಿಗೆ ಗ್ರೀಸ್ ಹಚ್ಚುವುದನ್ನು ಮನೆಯಲ್ಲೇ ಮಾಡಬಹುದು, 15 ಎಂಎಂ ಸ್ಪ್ಯಾನರ್ ಒಂದಿದ್ದರೆ ಆಯಿತು. ಕೆಲವು ಪೆಡಲ್‌ಗಳಿಗೆ ಅದರ ಬದಲು ಕ್ರ್ಯಾಂಕಿನ ಹಿಂಬದಿಯಿಂದ 6 ಅಥವಾ 8 ಎಂಎಂ ಆಲನ್ ಕೀ ಹಾಕಬೇಕಾಗುತ್ತದೆ, ತೆಗೆದುಕೊಳ್ಳುವ ಮೊದಲು ನಿಮ್ಮದು ಯಾವುದು ನೋಡಿ. ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಹೋದರೆ ಅಣ್ಣ ಸ್ವಲ್ಪ ಪುರುಸೊತ್ತಲ್ಲಿ ಇರುತ್ತಾರೆ. ಸೈಕಲ್ ತೊಳೆದುಕೊಂಡು ಹೋಗಿ, ಕೆಸರು ಇರುವ ಸೈಕಲ್ ಅವರು ಮುಟ್ಟುವುದಿಲ್ಲ. ಸದ್ದು ಯಾವಾಗ ಬರುತ್ತದೆ, ಯಾವ ಕಾಲು ಒತ್ತಿದಾಗ ಬರುತ್ತದೆ ಅಂತ ಮೊದಲೇ ಗಮನಿಸಿಕೊಂಡು ಹೋಗಿ, ಹೋದ ಕೂಡಲೇ ಕೇಳುವುದು ಅದನ್ನೇ.